ಮುಗಿಯದ ನರಕ, ಬದಲಾಗದ ಜೀವ

ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿಗೆ ಹತ್ತುವ ದಾರಿಯಲ್ಲಿ ಕಲ್ಲತ್ತಿಗಿರಿ ಸಿಗುತ್ತದೆ. ಜಲಪಾತದ ಬುಡದಲ್ಲೇ ವಿಜಯನಗರ ಕಾಲದ ವೀರಭದ್ರನ ಗುಡಿ. ವೀರಭದ್ರನ ಕಥೆ ಎಂದರೆ ಶಿಕ್ಷೆಯ ಕಥೆ. ಶಿವನನ್ನು ಕರೆಯದೆ ಯಜ್ಞಕ್ಕೆ ಕೂತ ದಕ್ಷನ ತಲೆ ಹಾರುತ್ತದೆ. ಆದರೆ ಕಥೆ ಅಷ್ಟಕ್ಕೇ ನಿಲ್ಲುವುದಿಲ್ಲ. ಆಡಿನ ತಲೆ ಹೊತ್ತು ದಕ್ಷ ಮತ್ತೆ ಎದ್ದು ಕೂರುತ್ತಾನೆ, ನಿಂತ ಯಜ್ಞ ಪೂರ್ತಿಯಾಗುತ್ತದೆ. ನಾಡಿನ ಎಷ್ಟೋ ವೀರಭದ್ರ ವಿಗ್ರಹಗಳ ಪಕ್ಕದಲ್ಲಿ ಆತ ಅದೇ ತಲೆಯಲ್ಲಿ ಕೈಮುಗಿದು ನಿಂತಿರುವುದನ್ನು ನೋಡಬಹುದು. ದಂಡನೆ ಎಷ್ಟೇ ಭೀಕರವಾಗಿರಲಿ, ಅದಕ್ಕೊಂದು ಕೊನೆಯಿದೆ, ಕೊನೆಯಲ್ಲಿ ದಂಡಿಸಿದವನ ಪಕ್ಕದಲ್ಲೇ ಒಂದು ಜಾಗವೂ ಇದೆ.

ಈ ಬೆಟ್ಟಗಳ ಪಶ್ಚಿಮಕ್ಕೆ ಭದ್ರಾ ನದಿಯ ಕಣಿವೆ. ಲಕ್ಕವಳ್ಳಿಯ ಅಣೆಕಟ್ಟೆಗೆ ನೀರು ತುಂಬುವ ಇದೇ ನದಿಯನ್ನು ಹಿಡಿದು ಮೇಲಕ್ಕೆ ಹೋದರೆ ಕಳಸ, ಅದರ ಹತ್ತಿರ ಅಂಬುತೀರ್ಥ. ಅಲ್ಲಿಯ ದೊಡ್ಡ ಬಂಡೆಯೊಂದನ್ನು ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರೆಂದು ಅದರ ಮೇಲಿನ ಶಾಸನವೇ ಹೇಳುತ್ತದೆ. ಬಂಡೆಯ ಮಾತು ಹಾಗಿರಲಿ. ಅದಕ್ಕಿಂತ ಭಾರವಾದದ್ದನ್ನು ಅವರು ಭಾರತೀಯ ಚಿಂತನೆಯೊಳಗೆ ತಂದಿಟ್ಟರು: ಕೊನೆಯೇ ಇಲ್ಲದ ನರಕ.

ನಮ್ಮ ಪುರಾಣಗಳಲ್ಲಿ ನರಕಕ್ಕೆ ಬರವಿಲ್ಲ. ಮನೆಯಲ್ಲಿ ಸಾವಾದಾಗ ಓದಿಸುವ ಗರುಡಪುರಾಣದಲ್ಲಿ ಕಾದ ಎಣ್ಣೆ, ಗರಗಸ, ಹುಳಗಳೆಲ್ಲ ಇವೆ. ಆದರೂ ಅವೆಲ್ಲ ಅವಧಿಯ ಶಿಕ್ಷೆಗಳು. ಪಾಪ ಸವೆದ ಮೇಲೆ ಜೀವ ಇನ್ನೊಂದು ಹುಟ್ಟಿಗೆ ಹೊರಡುತ್ತದೆ. ಜೈನರ ಏಳು ನರಕಭೂಮಿಗಳಲ್ಲಿ ಕೆಳಗಿನದರ ಪರಮಾಯುಷ್ಯ 33 ಸಾಗರೋಪಮ. ಲೆಕ್ಕಕ್ಕೆ ಸಿಗದಷ್ಟು ದೊಡ್ಡ ಕಾಲ ಅದು, ಆದರೂ ಮುಗಿಯುವ ಕಾಲವೇ. ಹೊಯ್ಸಳರ ಆಸ್ಥಾನದ ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ತಪ್ಪಿಗೆ ತಾಯಿ ಮಗ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ, ಕೊನೆಗೆ ದಡ ಸೇರುತ್ತಾರೆ. ಬಸವಣ್ಣ ಇನ್ನೂ ಮುಂದೆ ಹೋಗಿ ಸ್ವರ್ಗ ನರಕಗಳನ್ನು ಇಲ್ಲಿಯ ನಡೆನುಡಿಯೊಳಗೇ ಇಳಿಸಿಬಿಟ್ಟ. ಇಂಥ ನೆಲದಲ್ಲಿ, ಜನ್ನನಿಗಿಂತ ಒಂದೆರಡು ತಲೆಮಾರು ಈಚೆಗೆ, ಉಡುಪಿಯ ಆಚಾರ್ಯರೊಬ್ಬರು ಕೆಲವು ಜೀವಗಳಿಗೆ ಬಿಡುಗಡೆಯ ಬಾಗಿಲೇ ಇಲ್ಲ ಎಂದು ಹೇಳಿದರು.

ಅದನ್ನು ಅವರು ಗಾಳಿಯಲ್ಲಿ ಹೇಳಲಿಲ್ಲ. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದಲ್ಲಿ ನರಕಗಳು ಏಳು ಎನ್ನುವ ಪುಟ್ಟ ಸೂತ್ರವಿದೆ. ಅದಕ್ಕೆ ಭಾಷ್ಯ ಬರೆಯುತ್ತ ಮಧ್ವರು ಏಳನ್ನು ಎರಡು ಪಾಲು ಮಾಡುತ್ತಾರೆ. ರೌರವ, ಮಹಾರೌರವ, ವಹ್ನಿ, ವೈತರಣಿ, ಕುಂಭೀಪಾಕ ಈ ಐದು ಅನಿತ್ಯ. ತಾಮಿಸ್ರ, ಅಂಧತಾಮಿಸ್ರ ಎರಡು ನಿತ್ಯ. ಈಶಾವಾಸ್ಯದ ಕುರುಡುಗತ್ತಲೆಯ ಲೋಕ, ಗೀತೆಯ ಹದಿನಾರನೆಯ ಅಧ್ಯಾಯದ ಅಧಮಗತಿ, ಇವಕ್ಕೆ ಉಳಿದ ಭಾಷ್ಯಕಾರರು ಅಜ್ಞಾನ ಎಂದೋ ಕೀಳುಜನ್ಮ ಎಂದೋ ಅರ್ಥ ಹೇಳಿ ದಾಟುತ್ತಾರೆ. ಮಧ್ವರು ದಾಟುವುದಿಲ್ಲ. ಕತ್ತಲೆ ಎಂದರೆ ಕತ್ತಲೆ, ಅಧಮ ಎಂದರೆ ಅದಕ್ಕಿಂತ ಕೆಳಗೆ ಇನ್ನೇನೂ ಇಲ್ಲದ್ದು.

ಆ ಕತ್ತಲೆಗೆ ಹೋಗುವವರು ಯಾರು? ಮಧ್ವರ ದ್ವೈತ ಮತದಲ್ಲಿ ಜೀವಗಳು ಮೂರು ಬಗೆ. ಮುಕ್ತಿಯೋಗ್ಯರು ಮೋಕ್ಷ ಪಡೆಯುವವರು, ನಿತ್ಯಸಂಸಾರಿಗಳು ಸುಖದುಃಖಗಳ ನಡುವೆ ಸದಾ ತಿರುಗುತ್ತಿರುವವರು, ತಮೋಯೋಗ್ಯರು ಅಂಧಂತಮಸ್ಸಿಗೆ ಬೀಳುವವರು. ಈ ಭೇದ ಕರ್ಮದಿಂದ ಬಂದದ್ದಲ್ಲ, ಅದು ಜೀವದ ಸ್ವರೂಪ, ಅನಾದಿ. ಮುಕ್ತಿಯೋಗ್ಯನ ಸ್ವರೂಪವೇ ಸುಖ, ತಮೋಯೋಗ್ಯನ ಸ್ವರೂಪವೇ ದುಃಖ. ಜನ್ಮಜನ್ಮಗಳ ಸಾಧನೆಯಿಂದ ಅವರವರ ಸ್ವರೂಪ ಹಣ್ಣಾದ ಮೇಲೆ ಜೀವವನ್ನು ಸುತ್ತಿಕೊಂಡ ಸೂಕ್ಷ್ಮದೇಹವಾದ ಲಿಂಗಶರೀರ ಮುರಿಯುತ್ತದೆ. ಒಬ್ಬನಿಗೆ ಅದು ವಿರಜಾ ನದಿಯ ಸ್ನಾನದಲ್ಲಿ, ಇನ್ನೊಬ್ಬನಿಗೆ ವಾಯುದೇವರ ಗದೆಯ ಏಟಿನಲ್ಲಿ. ಒಳಗಿದ್ದದ್ದು ಹೊರಗೆ ಬರುತ್ತದೆ, ಅಷ್ಟೆ. ಅಂದರೆ ಮೋಕ್ಷವೂ ನಿತ್ಯನರಕವೂ ರಚನೆಯಲ್ಲಿ ಒಂದೇ, ಎರಡೂ ಸ್ವರೂಪದ ಅಭಿವ್ಯಕ್ತಿಗಳು. ಒಪ್ಪಲಿ ಬಿಡಲಿ, ಈ ಕಟ್ಟಡದ ಚೊಕ್ಕತನಕ್ಕೆ ತಲೆದೂಗಲೇಬೇಕು.

ಹತ್ತೊಂಬತ್ತನೆಯ ಶತಮಾನದ ಕೊನೆಗೂ ಇಪ್ಪತ್ತರ ಆರಂಭಕ್ಕೂ ಬರ್ನೆಲ್, ಗ್ರಿಯರ್ಸನ್ ಮೊದಲಾದ ಪಾಶ್ಚಾತ್ಯ ವಿದ್ವಾಂಸರು ಇದನ್ನು ಕಂಡು ಕ್ರೈಸ್ತ ಪ್ರಭಾವದ ಶಂಕೆ ಎತ್ತಿದರು. ನಿತ್ಯನರಕ ಹಿಂದೂಗಳಿಗೆ ಹೊಸದು, ಪಶ್ಚಿಮ ಕರಾವಳಿಯಲ್ಲಿ ಹಳೆಯ ಕ್ರೈಸ್ತರಿದ್ದರು, ಹಾಗಾಗಿ ಅಲ್ಲಿಂದಲೇ ಬಂದಿರಬೇಕು ಎಂಬ ತರ್ಕ. ನನಗೆ ಇದು ಸೋಮಾರಿ ತರ್ಕ ಅನ್ನಿಸುತ್ತದೆ. ಕ್ರೈಸ್ತರ ನರಕ ನಿಂತಿರುವುದು ಆಯ್ಕೆಯ ಮೇಲೆ: ಮನುಷ್ಯ ಬೇರೆ ದಾರಿ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಮಧ್ವರದು ನಿಂತಿರುವುದು ಸ್ವಭಾವದ ಮೇಲೆ. ಇದರ ನೆಂಟತನ ಹುಡುಕಲು ಕಡಲಾಚೆ ನೋಡಬೇಕಿಲ್ಲ. ಜೈನರಲ್ಲಿ ಎಂದೆಂದಿಗೂ ಮೋಕ್ಷಕ್ಕೆ ಅರ್ಹವಾಗದ ‘ಅಭವ್ಯ’ ಜೀವಗಳ ಕಲ್ಪನೆ ಆಗಲೇ ಇತ್ತು, ತುಳುನಾಡು ಜೈನ ಅರಸರ, ಬಸದಿಗಳ ನಾಡಾಗಿತ್ತು. ಗೀತೆಯ ದೈವ–ಆಸುರ ಸರ್ಗಗಳ ವಿಂಗಡಣೆ ಎಲ್ಲರ ಕಣ್ಣೆದುರಿಗಿತ್ತು. ಮಧ್ವರು ಮಾಡಿದ್ದು ಆ ಎಳೆಗಳನ್ನು ಕೊನೆಯವರೆಗೂ ಎಳೆದದ್ದು.

ಯಾಕೆ ಎಳೆದರು? ದೇವರನ್ನು ಆರೋಪದಿಂದ ಬಿಡಿಸಲು. ಒಬ್ಬ ಸುಖಿ, ಇನ್ನೊಬ್ಬ ದುಃಖಿ ಆಗಿರುವುದಕ್ಕೆ ದೇವರ ಪಕ್ಷಪಾತ ಕಾರಣವಲ್ಲ, ಅವರವರ ಕರ್ಮ ಕಾರಣ ಎಂದು ಬ್ರಹ್ಮಸೂತ್ರ ಹೇಳಿ, ಕರ್ಮ ಅನಾದಿ ಎಂದು ಮುಗಿಸುತ್ತದೆ. ದ್ವೈತಿಗಳ ಮರುಪ್ರಶ್ನೆ ಹರಿತವಾಗಿದೆ. ಎಲ್ಲ ಜೀವಗಳೂ ಮೂಲದಲ್ಲಿ ಒಂದೇ ಬಗೆಯವಾದರೆ ಕರ್ಮವಾದರೂ ಬೇರೆಬೇರೆ ಯಾಕಾಯಿತು? ಹಿಂದಿನ ಕರ್ಮದಿಂದ ಎಂದರೆ ಪ್ರಶ್ನೆಯನ್ನು ಒಂದು ಜನ್ಮ ಹಿಂದಕ್ಕೆ ತಳ್ಳಿದಂತೆ, ಉತ್ತರ ಕೊಟ್ಟಂತಲ್ಲ. ಸ್ವಭಾವದ ಭೇದವನ್ನು ಒಪ್ಪಿದರೆ ಮಾತ್ರ ಸರಪಳಿ ಒಂದೆಡೆ ನಿಲ್ಲುತ್ತದೆ. ಇದು ಗಟ್ಟಿ ವಾದ. ಕರ್ಮಸಿದ್ಧಾಂತವನ್ನು ನಂಬುತ್ತ ಮಧ್ವರ ನಿಷ್ಠುರತೆಗೆ ಮುಖ ಸಿಂಡರಿಸುವವರು ಇದಕ್ಕೆ ಉತ್ತರ ಕೊಟ್ಟದ್ದು ಕಡಿಮೆ.

ಆದರೆ ಈ ಗೆಲುವಿಗೆ ಎರಡು ಕಡೆ ದಂಡ ತೆರಬೇಕಾಗುತ್ತದೆ. ಸ್ವಭಾವವೇ ಹಾಗಿದ್ದವನಿಗೆ ಸಿಕ್ಕ ದುಃಖವನ್ನು ಶಿಕ್ಷೆ ಎನ್ನುವುದು ಹೇಗೆ? ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಜರಡಿಯಿಂದ ಕೆಳಗೆ ಬಿದ್ದ ಬೀಜ ಯಾವ ತಪ್ಪು ಮಾಡಿದೆ? ನ್ಯಾಯಾಧೀಶ ಇರಬೇಕಾದ ಜಾಗದಲ್ಲಿ ವಿಂಗಡಿಸುವವ ಬಂದು ಕೂತಿದ್ದಾನೆ. ಶಾಸ್ತ್ರವಂತೂ ಇಬ್ಬರ ಮಾತನ್ನೂ ಆಡುತ್ತದೆ, ಸ್ವರೂಪ ಪ್ರಕಟವಾಯಿತು ಎಂದೂ, ವಿಷ್ಣುದ್ವೇಷಕ್ಕೆ ತಕ್ಕ ಫಲವಾಯಿತು ಎಂದೂ. ಎರಡನೆಯ ತೊಡಕು ಇನ್ನೂ ಆಳದ್ದು. ದ್ರವ್ಯ, ಕರ್ಮ, ಕಾಲ, ಸ್ವಭಾವ, ಜೀವ ಇವೆಲ್ಲ ಇರುವುದೇ ಹರಿಯ ಅನುಗ್ರಹದಿಂದ ಎನ್ನುವ ಭಾಗವತದ ಮಾತು ಮಧ್ವರಿಗೆ ಬಹಳ ಪ್ರಿಯ. ಹರಿಯೊಬ್ಬನೇ ಸ್ವತಂತ್ರ, ಉಳಿದದ್ದೆಲ್ಲ ಅವನ ಅಧೀನ ಎನ್ನುವುದು ಮತದ ಬೆನ್ನೆಲುಬು. ಹಾಗಾದರೆ ಸ್ವಭಾವವೂ ಅವನ ಅಧೀನವೇ. ಅವನು ಬದಲಿಸಬಲ್ಲ, ಆದರೆ ಬದಲಿಸಲು ಇಚ್ಛಿಸುವುದಿಲ್ಲ ಎನ್ನಬೇಕಾಗುತ್ತದೆ. ಬಾಗಿಲಿನಿಂದ ಹೊರಗೆ ಕಳಿಸಿದ ಆರೋಪ ಹಿತ್ತಿಲಿಂದ ಒಳಗೆ ಬಂದಂತಾಯಿತು. ದೇವರ ಸರ್ವಸ್ವಾತಂತ್ರ್ಯವನ್ನು ಇಷ್ಟು ಎತ್ತರಕ್ಕೆ ಏರಿಸದ ಮತವೊಂದಕ್ಕೆ ಸ್ವಭಾವವಾದ ಆಸರೆಯಾಗಬಹುದಿತ್ತು. ದ್ವೈತಕ್ಕೆ ಅದು ಅರ್ಧ ಆಸರೆ ಮಾತ್ರ.

ನಿತ್ಯನರಕ ವಾದದ ಕತ್ತಿಯೂ ಆಯಿತು. ‘ಮಹಾಭಾರತ ತಾತ್ಪರ್ಯ ನಿರ್ಣಯ’ದ ಮೊದಲ ಅಧ್ಯಾಯದಲ್ಲಿ ವಿಷ್ಣುದ್ವೇಷ ಒಂಬತ್ತು ಬಗೆ ಎಂಬ ಪಟ್ಟಿಯಿದೆ. ಅದರಲ್ಲಿ ಮೊದಲನೆಯದು ಜೀವನೂ ದೇವರೂ ಒಂದೇ ಎನ್ನುವುದು, ಎರಡನೆಯದು ದೇವರು ನಿರ್ಗುಣ ಎನ್ನುವುದು. ಕೊಲೆ ಕಳವು ಪಟ್ಟಿಯಲ್ಲಿಲ್ಲ. ಇರುವವೆಲ್ಲ ದೇವರ, ಅವನ ಭಕ್ತರ, ಅವನನ್ನು ತಿಳಿಸುವ ಶಾಸ್ತ್ರಗಳ ವಿಷಯದ ಅಪರಾಧಗಳು. ಅದ್ವೈತದ ಶೃಂಗೇರಿಯೂ ಮಧ್ವರ ಬಂಡೆಯ ಕಳಸವೂ ಒಂದೇ ಜಿಲ್ಲೆಯಲ್ಲಿರುವ ನಮಗೆ ಇದರ ಬಿಸಿ ಅರ್ಥವಾಗಬೇಕು. ಅದ್ವೈತವನ್ನು ತಪ್ಪು ಎನ್ನುವುದು ಒಂದು, ದ್ವೇಷ ಎನ್ನುವುದು ಇನ್ನೊಂದು. ಮುಂದೆ ನಾರಾಯಣ ಪಂಡಿತಾಚಾರ್ಯರ ‘ಮಣಿಮಂಜರಿ’ ಶಂಕರರನ್ನು ಮಣಿಮಂತನೆಂಬ ದೈತ್ಯನ ಅವತಾರವಾಗಿಸಿತು. ತತ್ತ್ವಶಾಸ್ತ್ರ ಜಗಳಕ್ಕೆ ಇಳಿದ ಜಾಗ ಅದು. ಮಧ್ವರ ತರ್ಕಕ್ಕೆ ಗೌರವ ಕೊಡುವವರೂ ಈ ಜಾಗವನ್ನು ಸಮರ್ಥಿಸಿಕೊಳ್ಳಬೇಕಿಲ್ಲ.

ಒಂದು ಮಾತು ಮಾತ್ರ ಅವರ ಪರವಾಗಿ ಹೇಳಬೇಕು. ತಮೋಯೋಗ್ಯತೆ ಜಾತಿಯನ್ನು ಹಿಡಿದು ಹೋಗುವುದಿಲ್ಲ. ಈ ಲೆಕ್ಕದಲ್ಲಿ ಬ್ರಾಹ್ಮಣ ಅಂಧಂತಮಸ್ಸಿಗೆ ಬೀಳಬಹುದು, ಕುರುಬರ ಕನಕ ಮೋಕ್ಷಕ್ಕೆ ಹೋಗಬಹುದು. ಮಠದ ಪಂಕ್ತಿಯಲ್ಲಿ ಇದು ಎಷ್ಟು ಜಾರಿಗೆ ಬಂತು ಎನ್ನುವುದು ಬೇರೆ ಪ್ರಶ್ನೆ.

ಈ ಮೂರು ಪಾಲಿನ ಲೆಕ್ಕವನ್ನು ದೂರದ ಇನ್ನೊಂದು ಪಂಥದ ಪಕ್ಕದಲ್ಲಿಟ್ಟು ನೋಡಿದರೆ ಅದರ ಗಡಸುತನ ಇನ್ನಷ್ಟು ಸ್ಪಷ್ಟವಾಗುತ್ತದೆ. ಬೆಂಗಳೂರಿನಲ್ಲಿ, ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಪಂಥವಾದ ಮಾರ್ಮನ್ನರ ದೇವಾಲಯವೊಂದನ್ನು ಕಟ್ಟುವುದಾಗಿ 2018ರಲ್ಲಿ ಪ್ರಕಟಣೆಯಾಯಿತು, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಯಂಥ ವಿಧಿ ನಡೆಯಿತು. ಈ ಪಂಥದ ಮೂಲಪುರುಷ ಜೋಸೆಫ್ ಸ್ಮಿತ್ 1830ರಲ್ಲಿ ಅಚ್ಚು ಹಾಕಿಸಿದ ಮಾರ್ಮನ್ ಗ್ರಂಥದಲ್ಲಿ ಹಳೆಯ ಕ್ರೈಸ್ತರ ಆರದ ಬೆಂಕಿಯೇ ಇದೆ. ಆದರೆ ಅದೇ ಸುಮಾರಿನ ಒಂದು ಪ್ರಕಟನೆಯಲ್ಲಿ, ‘ಅನಂತ’ ಎಂಬುದು ದೇವರ ಹೆಸರು, ಆದ್ದರಿಂದ ಅನಂತ ದಂಡನೆ ಎಂದರೆ ದೇವರು ಕೊಡುವ ದಂಡನೆ, ಕೊನೆಯಿಲ್ಲದ್ದೆಂದು ಅರ್ಥವಲ್ಲ ಎನ್ನುತ್ತಾನೆ. 1832ರ ಫೆಬ್ರುವರಿ 16ರಂದು ಒಹಾಯೊದ ಹೈರಮ್‌ನಲ್ಲಿ ಸಿಡ್ನಿ ರಿಗ್ಡನ್ ಜೊತೆ ಕಂಡ ದರ್ಶನದಲ್ಲಿ ಅವನಿಗೂ ಮೂರು ಸಿಕ್ಕವು. ಆದರೆ ಮೂರೂ ಮಹಿಮೆಯ ಲೋಕಗಳು, ಸೂರ್ಯ, ಚಂದ್ರ, ನಕ್ಷತ್ರಗಳ ಬೆಳಕಿನವು. ಸುಳ್ಳುಗಾರರು, ವ್ಯಭಿಚಾರಿಗಳು ಕೂಡ ಒಂದು ಕಾಲ ನರಳಿ ಕೊನೆಗೆ ನಕ್ಷತ್ರದ ಬೆಳಕಿಗೆ ಬರುತ್ತಾರೆ. ಹೊರಗತ್ತಲೆಗೆ ಹೋಗುವವರು ಬೆರಳೆಣಿಕೆಯಷ್ಟು: ಸತ್ಯವನ್ನು ಪೂರ್ಣವಾಗಿ ಕಂಡಮೇಲೂ ಅದನ್ನು ನಿರಾಕರಿಸಿದವರು. ಇಷ್ಟು ಉದಾರತೆ ಅನೇಕ ಅನುಯಾಯಿಗಳಿಗೇ ಜೀರ್ಣವಾಗಲಿಲ್ಲ. ಮುಂದೆ ಪಂಥವನ್ನು ಯೂಟಾಕ್ಕೆ ನಡೆಸಿದ ಬ್ರಿಗಮ್ ಯಂಗ್ ತನಗೂ ಮೊದಲು ಇದನ್ನು ಒಪ್ಪುವುದು ಕಷ್ಟವಾಗಿತ್ತೆಂದು ಹೇಳಿಕೊಂಡಿದ್ದಾನೆ.

ಕುತೂಹಲದ ಸಂಗತಿ ಎಂದರೆ ಸ್ಮಿತ್ ಕೂಡ ಜೀವದ ತಿರುಳನ್ನು ಅನಾದಿ ಎಂದ. ಪ್ರಜ್ಞೆಯನ್ನು ಯಾರೂ ಸೃಷ್ಟಿಸಿಲ್ಲ ಎಂದು 1833ರ ಪ್ರಕಟನೆ ಹೇಳುತ್ತದೆ. ಶೂನ್ಯದಿಂದ ಸೃಷ್ಟಿ ಎಂಬ ಕ್ರೈಸ್ತರ ರೂಢಿಯ ಮಾತನ್ನು ಅವನು ಕೈಬಿಟ್ಟ. ಇಬ್ಬರಿಗೂ ಸಿಕ್ಕಿದ್ದು ಒಂದೇ ಸಾಧನ. ಸೃಷ್ಟಿಯಾಗದ ಜೀವದಲ್ಲಿ ಮಧ್ವರು ಕಂಡದ್ದು ಬದಲಾಗದ ಮಿತಿ, ಸ್ಮಿತ್ ಕಂಡದ್ದು ತೀರದ ಬೆಳವಣಿಗೆ. ಅನಾದಿಯಾದದ್ದು ಬದಲಾಗಬಾರದು ಎಂಬ ನಿಯಮವೇನೂ ಇಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ದ್ವೈತದ ವಾದದಲ್ಲಿ ಅನಾದಿತ್ವದಿಂದ ನಿತ್ಯತ್ವಕ್ಕೆ ಜಿಗಿಯುವ ಒಂದು ಹೆಜ್ಜೆ ಇದೆ, ಅದನ್ನು ಯಾರೂ ನಿಧಾನಿಸಿ ನೋಡುವುದಿಲ್ಲ. ಹಾಗೆಂದು ಮಾರ್ಮನ್ನರ ಕರುಣೆ ಪೂರ್ತಿ ಬಿಡುಗೈಯದಲ್ಲ. ಅದು ದಫ್ತರಿನ ಮೂಲಕ ಹರಿಯುವ ಕರುಣೆ. ಸತ್ತವರ ಹೆಸರು ಹುಡುಕಿ, ದಾಖಲಿಸಿ, ದೇವಾಲಯದಲ್ಲಿ ಬದುಕಿರುವವರು ಅವರ ಪರವಾಗಿ ದೀಕ್ಷಾಸ್ನಾನ ಮಾಡಬೇಕು. ಯಹೂದ್ಯ ನರಮೇಧದಲ್ಲಿ ಸತ್ತವರ ಹೆಸರಿನಲ್ಲೂ ಹಾಗೆ ಮಾಡಿದ್ದು ಹೊರಬಿದ್ದು, ಇನ್ನು ಮಾಡುವುದಿಲ್ಲವೆಂದು 1995ರಲ್ಲಿ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಕೇಳದವರನ್ನು ಉದ್ಧರಿಸುವುದರಲ್ಲೂ ಒಂದು ದರ್ಪವಿದೆ.

ಮಧ್ವರಲ್ಲಿಗೆ ಮರಳೋಣ. ಅವರ ಸಿದ್ಧಾಂತಕ್ಕೆ ನಿಜವಾದ ಪರೀಕ್ಷೆ ಒಡ್ಡಿದ್ದು ಅದ್ವೈತಿಗಳಲ್ಲ, ಅವರೇ ಪ್ರಮಾಣವೆಂದು ತಲೆಯ ಮೇಲೆ ಹೊತ್ತ ಭಾಗವತ. ಅಲ್ಲಿ ಶಿಶುಪಾಲ ಜನ್ಮವಿಡೀ ಬೈದು ಕೃಷ್ಣನಲ್ಲಿ ಸೇರುತ್ತಾನೆ. ವಿಷದ ಮೊಲೆಯುಣಿಸಲು ಬಂದ ಪೂತನಿಗೂ ಒಳ್ಳೆಯ ಗತಿ ಸಿಗುತ್ತದೆ. ದ್ವೇಷಕ್ಕೆ ಫಲ ತಮಸ್ಸೇ ಆದರೆ ಇದು ಹೇಗೆ? ಮಧ್ವರ ಉತ್ತರ: ಒಂದು ದೇಹ, ಎರಡು ಜೀವ. ಶಿಶುಪಾಲನಲ್ಲಿ ಶಾಪಗ್ರಸ್ತ ದ್ವಾರಪಾಲಕನೂ ಇದ್ದ, ಅಸುರನೂ ಇದ್ದ. ಒಬ್ಬ ವೈಕುಂಠಕ್ಕೆ, ಇನ್ನೊಬ್ಬ ಕತ್ತಲೆಗೆ. ಪೂತನಿಯಲ್ಲಿ ತಾಟಕಿಯ ಜೊತೆ ಊರ್ವಶಿಯೂ ಸೇರಿದ್ದಳು. ತಾಟಕಿ ನರಕಕ್ಕೆ ಹೋದಳು, ಕೃಷ್ಣ ಮೊಲೆಯುಂಡದ್ದರಿಂದ ಊರ್ವಶಿ ಪವಿತ್ರಳಾಗಿ ಸ್ವರ್ಗಕ್ಕೆ ಹೋದಳು. ಇದನ್ನು ನುಣುಚಿಕೊಳ್ಳುವ ಉಪಾಯ ಎಂದು ನಕ್ಕು ಬಿಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕಣ್ಣೆದುರಿನ ಒಬ್ಬ ವ್ಯಕ್ತಿಯನ್ನು ಪೂರ್ತಿ ಕೆಟ್ಟವನೆಂದು ಹೇಳಲಾಗದ ಇಕ್ಕಟ್ಟು ಬಂದಾಗ ಸಿದ್ಧಾಂತ ಜೀವವನ್ನು ಮೆದುಗೊಳಿಸಲಿಲ್ಲ, ವ್ಯಕ್ತಿಯನ್ನೇ ಸೀಳಿತು. ಅದರ ಫಲವಾಗಿ ಒಬ್ಬ ಮನುಷ್ಯನನ್ನು ತೋರಿಸಿ ಇವನು ತಮೋಯೋಗ್ಯ ಎನ್ನುವುದು ತತ್ತ್ವದ ಮಟ್ಟದಲ್ಲೇ ಕಷ್ಟವಾಯಿತು. ಅವನೊಳಗೆ ಇನ್ಯಾರಿದ್ದಾರೋ! ಮಧ್ವರು ಬಯಸದೆಯೇ ತೆರೆದ ಕಿಂಡಿ ಇದು.

ದಾಸರು ಆ ಕಿಂಡಿಯನ್ನು ದೊಡ್ಡದು ಮಾಡಿದರೇ? ಹೌದು ಎನ್ನುವುದು ಜನಪ್ರಿಯ ನಂಬಿಕೆ, ಅದನ್ನು ಅರ್ಧ ಮಾತ್ರ ಒಪ್ಪಬಹುದು. ಮಾನ್ವಿಯ ಜಗನ್ನಾಥದಾಸರ ‘ಹರಿಕಥಾಮೃತಸಾರ’ ಕನ್ನಡದಲ್ಲೇ, ಭಾಮಿನಿಯ ಲಯದಲ್ಲೇ, ದೈತ್ಯರನ್ನೂ ಮೇಲುಕೀಳಾಗಿ ಸಾಲು ನಿಲ್ಲಿಸುತ್ತದೆ. ಅದಕ್ಕೆಂದೇ ದೈತ್ಯತಾರತಮ್ಯದ ಒಂದು ಸಂಧಿಯಿದೆ, ತೀರ ಕೆಳಗೆ ಕಲಿ ಇದ್ದಾನೆ. ಕನ್ನಡಕ್ಕೆ ಬಂದಮಾತ್ರಕ್ಕೆ ಸಿದ್ಧಾಂತ ಮೆತ್ತಗಾಗಲಿಲ್ಲ. ಬದಲಾದದ್ದು ಮಾತಾಡುವವನ ನಿಲುವು. ಸಂಸ್ಕೃತದ ಗ್ರಂಥದಲ್ಲಿ ತಮೋಯೋಗ್ಯ ಯಾವಾಗಲೂ ‘ಅವನು’. ಪುರಂದರದಾಸರ, ಕನಕದಾಸರ ಪದಗಳಲ್ಲಿ ಪಾಪಿ ‘ನಾನು’. ತನ್ನ ಯೋಗ್ಯತೆ ಏನೆಂದು ಯಾವ ಸಾಮಾನ್ಯ ಜೀವಿಗೂ ತಿಳಿಯದು ಎಂದು ಶಾಸ್ತ್ರವೇ ಒಪ್ಪುತ್ತದೆ. ಆ ತಿಳಿಯದಿರುವಿಕೆಯೊಳಗೇ ದಾಸರು ನಿಂತು ಹಾಡಿದರು.

ಮನೆಗಳಲ್ಲಿ ನಡೆಯುವುದಂತೂ ಇನ್ನೊಂದೇ. ಮಹಾಲಯದಲ್ಲಿ ತರ್ಪಣ ಬಿಡುವವನು ತನ್ನ ಮುತ್ತಜ್ಜ ಯಾವ ವರ್ಗದ ಜೀವ ಎಂದು ಪುರೋಹಿತರನ್ನು ಕೇಳುವುದಿಲ್ಲ, ಕೇಳಿದರೂ ಅವರು ಉತ್ತರಿಸುವುದಿಲ್ಲ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಮಲೆನಾಡಿನ ಮಾಧ್ವ ಅಗ್ರಹಾರವೊಂದನ್ನು ಕಂಗೆಡಿಸಿದ್ದು ಇದೇ ಜಾಗದಲ್ಲಿ. ಕುಡಿದ, ಮಾಂಸ ತಿಂದ, ದೇವರ ಕೆರೆಯ ಮೀನು ಹಿಡಿದ ನಾರಣಪ್ಪ ಸತ್ತು ಬಿದ್ದಿದ್ದಾನೆ. ಅವನ ಜೀವ ಅಂಧಂತಮಸ್ಸಿಗೆ ಹೋಯಿತೇ ಎಂದು ಪ್ರಾಣೇಶಾಚಾರ್ಯರಂಥ ಪಂಡಿತರೂ ತಲೆ ಕೆಡಿಸಿಕೊಂಡು ಕೂರುವುದಿಲ್ಲ. ಇಡೀ ಅಗ್ರಹಾರ ಹೊಟ್ಟೆಗಿಲ್ಲದೆ ಕೂತಿರುವುದು ಹೆಣವನ್ನು ಯಾರು ಸುಡಬೇಕು ಎಂಬ ಪ್ರಶ್ನೆಯ ಮುಂದೆ. ಏಳು ನೂರು ವರ್ಷ ಜೀವಗಳನ್ನು ವಿಂಗಡಿಸಿದ ಶಾಸ್ತ್ರದ ಗ್ರಂಥಗಳನ್ನೆಲ್ಲ ತಿರುವಿದರೂ ಅದಕ್ಕೆ ಉತ್ತರ ಸಿಗುವುದಿಲ್ಲ.