ಇನ್ನೂರೆಂಬತ್ತರ ರೈಲು, ಅರವತ್ತರ ದಾರಿ

ಗಂಟೆಗೆ 280 ಕಿ.ಮೀ. ವೇಗ ತಾಳಬಲ್ಲ ರೈಲನ್ನು ಬೆಂಗಳೂರಿನ ಬಿಇಎಂಎಲ್ ಕಂಪನಿ ಕಟ್ಟಲು ಹೊರಟಿರುವುದು ನಮ್ಮ ನಾಡಿನ ಯಂತ್ರವಿದ್ಯೆಗೆ ದೊಡ್ಡ ಹೆಜ್ಜೆ. 2024ರ ಅಕ್ಟೋಬರಿನಲ್ಲಿ ಚೆನ್ನೈನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ ಅದಕ್ಕೆ 866.87 ಕೋಟಿ ರೂಪಾಯಿಯ ಗುತ್ತಿಗೆ ಕೊಟ್ಟಿತು. ಕಟ್ಟಬೇಕಾದದ್ದು ಎಂಟೆಂಟು ಬೋಗಿಗಳ ಎರಡು ರೈಲು. ಮಹಾರಾಷ್ಟ್ರ-ಗುಜರಾತ್ ಗಡಿ ದಾಟುವ 508 ಕಿ.ಮೀ.ಗಳ ಮುಂಬೈ–ಅಹಮದಾಬಾದ್ ಮಾರ್ಗದಲ್ಲಿ ಅವು ಮೊದಲು ಓಡುತ್ತವೆಂಬ ನಿರೀಕ್ಷೆ ಇದೆ.

ಬೋಗಿಯೊಂದಕ್ಕೆ 27.86 ಕೋಟಿ. ಹದಿನಾರು ಬೋಗಿಗೆ ಸುಮಾರು 446 ಕೋಟಿ ಆಯಿತು. ಉಳಿದ ಹಣ ವಿನ್ಯಾಸಕ್ಕೆ, ಅಚ್ಚು-ಉಪಕರಣಗಳಿಗೆ, ಪರೀಕ್ಷೆಯ ಸೌಕರ್ಯಕ್ಕೆ. ಎರಡೇ ರೈಲಿಗೆ ಇಷ್ಟು ಹಣವೇ ಎಂದು ಕೇಳುವವರಿಗೆ ನನ್ನ ಉತ್ತರ ಈ ಉಳಿದ ಹಣದಲ್ಲಿಯೇ ಇದೆ. ರೈಲನ್ನು ಹೊರಗಿನಿಂದ ಕೊಂಡರೆ ಬೋಗಿ ಸಿಗುತ್ತದೆ, ಅದನ್ನು ಕಟ್ಟುವ ವಿದ್ಯೆ ಸಿಗುವುದಿಲ್ಲ. ವೇಗ ಗಂಟೆಗೆ 160 ಕಿ.ಮೀ.ಯಿಂದ 280ಕ್ಕೆ ಏರಿದರೆ ಅದೇ ತೂಕದ ರೈಲಿನ ಚಲನಶಕ್ತಿ ಮೂರು ಪಟ್ಟಾಗುತ್ತದೆ. ಬ್ರೇಕು ಅಷ್ಟನ್ನೂ ನುಂಗಬೇಕು. ಗಾಲಿಗಳು ಹಳಿಯ ಮೇಲೆ ಅತ್ತಿತ್ತ ತುಯ್ಯದಂತೆ ಅವುಗಳ ಚೌಕಟ್ಟು ಹಿಡಿದಿಡಬೇಕು. ಸುರಂಗಕ್ಕೆ ನುಗ್ಗುವಾಗ ಒಳಗೆ ಕೂತವರ ಕಿವಿ ಅಡಚಿಕೊಳ್ಳದಂತೆ ಬೋಗಿಯ ಒಡಲು ಬಿಗಿಯಾಗಿರಬೇಕು. ಇವನ್ನೆಲ್ಲ ಒಮ್ಮೆ ಸ್ವತಃ ಮಾಡಿ ಕಲಿತ ಎಂಜಿನಿಯರುಗಳು ಮುಂದಿನ ಇಪ್ಪತ್ತು ವರ್ಷದ ಆಸ್ತಿ.

ಆದರೆ ರೈಲಿನ ಹೆಸರಿಗೆ ಅಂಟಿದ ಅಂಕಿ ಪ್ರಯಾಣಿಕನ ವೇಗವಲ್ಲ. ಇದಕ್ಕೆ ವಂದೇ ಭಾರತವೇ ಸಾಕ್ಷಿ. ಚೆನ್ನೈನ ಪೆರಂಬೂರಿನಲ್ಲಿರುವ ಅದೇ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ ಅದನ್ನು ಸುಮಾರು ಹದಿನೆಂಟು ತಿಂಗಳಲ್ಲಿ ಕಟ್ಟಿತು. ಪರೀಕ್ಷೆಯಲ್ಲಿ 180 ಮುಟ್ಟಿದ ಅದು 2019ರ ಫೆಬ್ರವರಿಯಲ್ಲಿ ದೆಹಲಿ–ವಾರಾಣಸಿ ನಡುವೆ ಓಡತೊಡಗಿತು. ಮುಂದೊಂದು ಎಂಜಿನ್ ಇಟ್ಟು ಎಳೆಸುವ ಬದಲು ಅರ್ಧದಷ್ಟು ಬೋಗಿಗಳ ಕೆಳಗೇ ಮೋಟಾರು ಕೂಡಿಸಿದ್ದು ಅದರ ನಿಜವಾದ ಗುಣ. ನಿಂತ ರೈಲು ಬೇಗ ವೇಗ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ. ನಿಲ್ದಾಣಗಳು ಹೆಚ್ಚಿರುವ ನಮ್ಮಂಥ ದಾರಿಗೆ ಹೇಳಿ ಮಾಡಿಸಿದ ವಿನ್ಯಾಸವಿದು.

ಅದೇ ಬಗೆಯ ರೈಲು 2024ರ ಮಾರ್ಚ್‌ನಲ್ಲಿ ಕಲಬುರಗಿ–ಬೆಂಗಳೂರು ನಡುವೆ ಶುರುವಾಯಿತು. ಕರ್ನಾಟಕದ ಎರಡು ಊರುಗಳ ನಡುವೆ ಓಡಿದರೂ ಮಂತ್ರಾಲಯ ರೋಡ್, ಗುಂತಕಲ್, ಅನಂತಪುರ, ಧರ್ಮಾವರ ಎಂದು ಆಂಧ್ರವನ್ನು ಹಾಯ್ದು ಬರುತ್ತದೆ. ಐನೂರು ಕಿ.ಮೀ. ಮೀರಿದ ಆ ದಾರಿಗೆ ಆರಂಭದಲ್ಲಿ ಸುಮಾರು ಎಂಟೂಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಸರಾಸರಿ ಗಂಟೆಗೆ ಅರವತ್ತು ಚಿಲ್ಲರೆ ಕಿ.ಮೀ. ತಪ್ಪು ರೈಲಿನದಲ್ಲ. ತಿರುವು, ಸಿಗ್ನಲ್, ಒಂದೇ ಹಳಿಯನ್ನು ಹಂಚಿಕೊಳ್ಳುವ ಗೂಡ್ಸ್ ಗಾಡಿ ಇವೆಲ್ಲ ಸೇರಿ ವೇಗವನ್ನು ತಿಂದವು.

ಈಗ ಬಳ್ಳಾರಿ ಬಳಿಯ ಕೊಳಗಲ್ಲು ಎಂಬ ಊರಿನ ಕಡೆಯಿಂದ ನೋಡಿ. ಈ ವಂದೇ ಭಾರತ ಹತ್ತಬೇಕಾದರೆ ಈ ಊರಿನವರು ಬಳ್ಳಾರಿಗೆ ಹೋಗಿ, ಅಲ್ಲಿಂದ ಬೇರೆ ರಾಜ್ಯದ ಗುಂತಕಲ್ ತಲುಪಬೇಕು. ತುಂಗಭದ್ರೆಯ ನೀರಲ್ಲಿ ಭತ್ತ ಬೆಳೆಯುವ ಸಿರುಗುಪ್ಪಕ್ಕಂತೂ ರೈಲೇ ಇಲ್ಲ. ನಡುವೆ ಗಡಿ ಬಿದ್ದದ್ದು ಹೀಗೆ: 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಗುಂತಕಲ್, ರಾಯದುರ್ಗ ಆಂಧ್ರದಲ್ಲಿ ಉಳಿದವು. ಹಳಿ ಮಾತ್ರ ಗಡಿಗಿಂತ ಹಳೆಯದು. ಬೆಂಗಳೂರಿಗೆ ಹೊರಟ ಹಂಪಿ ಎಕ್ಸ್‌ಪ್ರೆಸ್ ಇಂದಿಗೂ ಗುಂತಕಲ್ ಬಳಸಿ ಧರ್ಮಾವರದ ಮೇಲೆಯೇ ಹೋಗುತ್ತದೆ. ಅದರ ಜನರಲ್ ಬೋಗಿಯಲ್ಲಿ ರಾತ್ರಿಯಿಡೀ ಕೂತು ದುಡಿಯಲು ಹೋಗುವ ನಮ್ಮ ಜನಕ್ಕೆ ವಂದೇ ಭಾರತದಲ್ಲಿ ಜಾಗವೇ ಇಲ್ಲ. ಕಾಯ್ದಿರಿಸದ ಬೋಗಿಯೊಂದೂ ಅದರಲ್ಲಿಲ್ಲ. ಈ ವಿನ್ಯಾಸದಲ್ಲಿ ನನ್ನನ್ನು ಹೆಚ್ಚು ನೋಯಿಸುವ ಕೊರತೆ ಇದು.

ಹಾಗಾಗಿ 2025ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಬಳ್ಳಾರಿ–ಚಿಕ್ಕಜಾಜೂರು ಜೋಡಿ ಹಳಿ, ಎಲ್ಲ ಹೊಸ ರೈಲಿಗಿಂತ ನನಗೆ ದೊಡ್ಡ ಸುದ್ದಿ. 185 ಕಿ.ಮೀ., 3,342 ಕೋಟಿ. ಬಳ್ಳಾರಿ, ಚಿತ್ರದುರ್ಗದ ಜೊತೆಗೆ ಆಂಧ್ರದ ಅನಂತಪುರ ಜಿಲ್ಲೆಯನ್ನೂ ಅದು ಹಾಯುತ್ತದೆ. ಯೋಜನೆಯ ಕಣ್ಣು ಮುಖ್ಯವಾಗಿ ಅದಿರಿನ ಮೇಲೆ, ಸರಕಿನ ಮೇಲೆ. ಆದರೂ ಅದಿರು ಗಾಡಿಗೆ ಇನ್ನೊಂದು ಹಳಿ ಸಿಕ್ಕರೆ, ಪ್ಯಾಸೆಂಜರ್ ರೈಲು ಕ್ರಾಸಿಂಗ್‌ಗೆಂದು ನಡುದಾರಿಯಲ್ಲಿ ಕಾಯುವುದು ತಪ್ಪುತ್ತದೆ.

ಬಿಇಎಂಎಲ್ ರೈಲಿನ ಮೇಲೆ ಪೂರ್ತಿ ತೀರ್ಪು ಕೊಡಲು ಅದು ಹಳಿಗಿಳಿಯಬೇಕು. ಅದರ ಪರೀಕ್ಷೆಯ ಫಲಿತಾಂಶಗಳನ್ನು ರೈಲ್ವೆ ಎಲ್ಲರ ಮುಂದಿಡಬೇಕು: ಬ್ರೇಕು ಹಾಕಿದ ಮೇಲೆ ಎಷ್ಟು ದೂರ ಓಡಿತು, ಎಷ್ಟು ಕರೆಂಟು ತಿಂದಿತು, ಯಾವ ಭಾಗಗಳನ್ನು ಇನ್ನೂ ಹೊರದೇಶದಿಂದ ತರಿಸಬೇಕು. ಆದರೆ ಬಳ್ಳಾರಿಗೆ ಬೇಕಾದದ್ದು 280 ಅಲ್ಲ. ಹೊಸಪೇಟೆಯಿಂದ ಬಳ್ಳಾರಿಯ ಮೇಲೆ ಬೆಂಗಳೂರಿಗೆ ಹಗಲು ಹೊತ್ತು ಓಡುವ, 130ರಲ್ಲಿ ನಿಜವಾಗಿಯೂ ಓಡಲು ಬಿಡುವ, ನಾಲ್ಕು ಜನರಲ್ ಬೋಗಿಗಳಿರುವ ಒಂದು ರೈಲು. ಅದಕ್ಕೆ ಬೇಕಾದ ಮೋಟಾರು, ಬೋಗಿ, ವಿದ್ಯೆ ಎಲ್ಲವೂ ನಮ್ಮಲ್ಲಿ ಈಗಲೇ ಇವೆ.