ಅಮೃತಾಪುರದ ಭಿತ್ತಿಯೂ ಛಾಯಾಚಿತ್ರದ ಸಾಕ್ಷ್ಯವೂ

ದೂರದೂರದ ಕಟ್ಟಡಗಳನ್ನು ಹೋಲಿಸಿ ನೋಡುವುದಕ್ಕೆ ಛಾಯಾಚಿತ್ರವು ಪ್ರತ್ಯಕ್ಷದರ್ಶನಕ್ಕೆ ಬಹುಮಟ್ಟಿಗೆ ಸಮಾನವೆಂದು ಜೇಮ್ಸ್ ಫರ್ಗುಸನ್ನರು ೧೮೭೬ರ ತಮ್ಮ ಭಾರತೀಯ ವಾಸ್ತುಚರಿತ್ರೆಯಲ್ಲಿ ಅಭಿಪ್ರಾಯಪಟ್ಟರು. ಈ ಮಾತನ್ನು ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ನಿಂತು ಪರೀಕ್ಷಿಸುವುದು ಉಚಿತವಾಗಿದೆ.

ಬೊಂಬಾಯಿ ಸರಕಾರವು ೧೮೫೫ರಲ್ಲಿ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು ನಿಯಮಿಸಿತು. ಅವರೂ ವೈದ್ಯರಾದ ಪಿಗೂ ಅವರೂ ನೀಲ್ ಅವರೂ ತೆಗೆದ ಚಿತ್ರಗಳಿಗೆ ಮೆಡೋಸ್ ಟೇಲರರ ಚರಿತ್ರಕಥನವನ್ನೂ ಫರ್ಗುಸನ್ನರ ಟಿಪ್ಪಣಿಗಳನ್ನೂ ಕೂಡಿಸಿ, ಧಾರವಾಡ ಮೈಸೂರುಗಳ ವಾಸ್ತುವನ್ನು ಕುರಿತ ಗ್ರಂಥವು ೧೮೬೬ರಲ್ಲಿ ಹೊರಟಿತು. ಆಗ ಮೈಸೂರು ಕಮಿಷನರರ ಆಡಳಿತದಲ್ಲಿದ್ದಿತು. ಹಳೇಬೀಡನ್ನು ಗ್ರೀಸಿನ ಪಾರ್ಥೆನಾನಿನ ಎದುರಿಗಿಟ್ಟು ತೂಗಿದವರು ಫರ್ಗುಸನ್ನರೇ. ಆ ಉಪಕಾರವನ್ನು ಮರೆಯಲಾಗದು. ಆದರೆ ಭಾರತದ ಶಿಲ್ಪಚರಿತ್ರೆಯು ಇಳಿಮುಖದ ಚರಿತ್ರೆಯೆಂದು ಸಾರಿದವರೂ ಅವರೇ. ಬಿದ್ದ ಜನಕ್ಕೆ ಆಳುವವರು ಬೇಕೆಂಬ ವಾದಕ್ಕೆ ಇದಕ್ಕಿಂತ ಅನುಕೂಲವಾದ ಸಿದ್ಧಾಂತವುಂಟೆ?

ಅಮೃತೇಶ್ವರ ದೇವಾಲಯವನ್ನು ೧೧೯೬ರಲ್ಲಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು ಕಟ್ಟಿಸಿದನು. ಮುಖಮಂಟಪದ ಹೊರಭಿತ್ತಿಯಲ್ಲಿ ೧೪೦ ಕಥಾಫಲಕಗಳಿವೆ. ಉತ್ತರದಲ್ಲಿ ೨೫ ಕೃಷ್ಣಕಥೆಗೂ ೪೫ ಭಾರತಕ್ಕೂ ಸಂದಿವೆ; ಇವು ಪ್ರದಕ್ಷಿಣಕ್ರಮದವು. ದಕ್ಷಿಣದ ೭೦ ಫಲಕಗಳ ರಾಮಾಯಣವಾದರೋ ಅಪ್ರದಕ್ಷಿಣವಾಗಿ ಸಾಗುತ್ತದೆ. ಶಾಸ್ತ್ರ ಓದಿದ ನನಗೆ ಮೊದಲು ಇದು ಪ್ರಮಾದವೆಂದೇ ತೋರಿತು. ನಿದಾನಿಸಿ ನೋಡಲು, ಎರಡು ಭಿತ್ತಿಗಳ ಕಥೆಗಳೂ ಪಶ್ಚಿಮದಿಂದ ಪೂರ್ವಕ್ಕೆ, ಗರ್ಭಗೃಹದ ಕಡೆಯಿಂದ ಹೊರಮುಖವಾಗಿ ಹರಿಯುತ್ತವೆ. ಶಿಲ್ಪಿಯು ಭಕ್ತನ ನಡೆಗಿಂತ ಭಿತ್ತಿಗಳ ಸಮತೆಯನ್ನು ಹೆಚ್ಚೆಂದು ಬಗೆದಿರಬೇಕೆಂದು ನನ್ನ ಊಹೆ. ಒಂದೊಂದು ಫಲಕವನ್ನೂ ಬಿಡಿಯಾಗಿ ಸೆರೆಹಿಡಿದ ಚಿತ್ರದಲ್ಲಿ ರಾಮನ ಮುಖವು ದೊರೆಯುವುದು, ಈ ಗತಿಯು ದೊರೆಯದು. ಕಾಲುಗಳಿಂದಲೇ ಓದಬೇಕಾದ ಕಾವ್ಯವಿದು.

ಇನ್ನೊಂದು ಸಂಗತಿ. ಫರ್ಗುಸನ್ನರು ಈ ಹೊಯ್ಸಳ ಶೈಲಿಯನ್ನು ಚಾಲುಕ್ಯವೆಂದು ಕರೆದರು. ರೈಸರು ಕಡೂರು ಜಿಲ್ಲೆಯ ಶಾಸನಸಂಪುಟವನ್ನು ಪ್ರಕಟಿಸಿದುದು ೧೯೦೧ರಲ್ಲಿ. ಆದ್ದರಿಂದ ಅವರನ್ನು ದೂಷಿಸಲಾರೆವು. ಆ ಸಂಪುಟದ ತರೀಕೆರೆ ೪೫ನೆಯ ಶಾಸನವೇ ಈ ದೇವಾಲಯದ್ದು. ಅದನ್ನು ರಚಿಸಿದವನು ಯಶೋಧರಚರಿತೆಯ ಜನ್ನ. ಶಿವಾಲಯಕ್ಕೆ ಜೈನಕವಿಯು ಬರೆದ ಪದ್ಯಗಳನ್ನು ಬದಿಗಿಟ್ಟು, ಬರಿಯ ಕಲ್ಲಿನ ಚಿತ್ರದಿಂದ ಮತಗಳ ಇಳಿಮುಖವನ್ನು ಸಾಧಿಸುವುದು ಅರ್ಧಸಾಕ್ಷ್ಯದ ತೀರ್ಪು. ಜನ್ನನನ್ನು ಪಾಠ ಹೇಳುವ ಅಧ್ಯಾಪಕರು ವಿದ್ಯಾರ್ಥಿಗಳನ್ನು ಇಲ್ಲಿಗೆ ಕರೆತಂದು, ದಕ್ಷಿಣಭಿತ್ತಿಯನ್ನು ಒಮ್ಮೆ ಬಲಗೊಂಡು, ಒಮ್ಮೆ ಹಿಂದಿರುಗಿ ನಡೆದು, ಬಳಿಕ ಶಾಸನವನ್ನು ಓದಿಸಲಿ.