ಏಕತಾರಿಯ ಶ್ರುತಿಯೂ ತತ್ತ್ವಪದದ ಪಾಠವೂ

ಬೀಟಲ್ಸ್ ತಂಡದ ‘ಟುಮಾರೋ ನೆವರ್ ನೋಸ್’ ಎಂಬ ಗೀತವು 1966ರಲ್ಲಿ ಪ್ರಕಟವಾಯಿತು. ತಂಬೂರಿಯ ನಾದ, ಬಹುತೇಕ ಒಂದೇ ಆಧಾರಸ್ವರ, ಧ್ವನಿಸುರುಳಿಗಳನ್ನು ಬೆರೆಸಿ ಹೆಣೆದ ಸದ್ದು ಅದರ ಅಂಗಗಳು. ಮಾದಕದ್ರವ್ಯದ ಅನುಭವವನ್ನು ಟಿಬೆಟಿನ ‘ಮೃತರ ಗ್ರಂಥ’ದ ಮೂಲಕ ವಿವರಿಸಿದ 1964ರ ಪುಸ್ತಕವೊಂದು ಅದರ ಸಾಹಿತ್ಯಕ್ಕೆ ಆಕರವಾಗಿತ್ತು. ವಿಮರ್ಶಕರು ಅದನ್ನು ಅಪೂರ್ವವೆಂದು ಕೊಂಡಾಡಿದರು. ಅವರ ಸಂಪ್ರದಾಯದ ಮಟ್ಟಿಗೆ ಅದು ಯುಕ್ತವೇ.

ಆದರೆ ಅಫಜಲಪುರ ಸೀಮೆಯ ಬಿದನೂರಿನಲ್ಲಿ ಜನಿಸಿ, ಹಿಂದೆ ಜೇವರ್ಗಿ ತಾಲ್ಲೂಕಿಗೆ ಸೇರಿದ್ದ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪನವರ ಪದಗಳನ್ನು ಭಜನೆಯಲ್ಲಿ ಕೇಳಿದವರಿಗೆ, ಒಂದೇ ತಂತಿಯ ಮೇಲೆ ಚಿತ್ತವನ್ನು ನಿಲ್ಲಿಸುವ ಈ ಉಪಾಯವು ಹೊಸದೆನಿಸದು. ಆಳಂದದ ಕಡೆಯಲ್ಲಿಯೂ ಏಕತಾರಿ, ದಮ್ಮಡಿ, ತಾಳಗಳೊಡನೆ ಪಲ್ಲವಿಯು ಮರಳಿ ಮರಳಿ ಬರುತ್ತದೆ. ಅಮಲು ಹುಟ್ಟುವುದು ಆ ಮರಳುವಿಕೆಯಲ್ಲಿ. ಶಿಶುನಾಳ ಶರೀಫರ (1819–1889) ಗುಡುಗುಡಿಯ ಪದವನ್ನು ಬರಿಯ ರೂಪಕವೆನ್ನುವವರೂ ಬರಿಯ ಧೂಮಪಾನವೆನ್ನುವವರೂ ಪದದ ಅಕ್ಷರವನ್ನಷ್ಟೇ ನೋಡುತ್ತಾರೆಂದು ನಮ್ಮ ಎಣಿಕೆ.

ನಮ್ಮ ಆಕ್ಷೇಪವಿರುವುದು ಮುದ್ರಿತ ಪಾಠದ ವಿಷಯದಲ್ಲಿ. ಬೀಟಲ್ಸರ ದನಿಯು ಸುರುಳಿಯಲ್ಲಿ ಉಳಿದಿದೆ. ಮಡಿವಾಳಪ್ಪನವರದು ಖೈನೂರು ಕೃಷ್ಣಪ್ಪ, ಚನ್ನೂರು ಜಲಾಲಸಾಹೇಬ ಮೊದಲಾದ ಶಿಷ್ಯರ ಬಾಯಿಂದ ಬಾಯಿಗೆ ಹರಿದುಬಂದುದು. ಅಂತಹ ಪದದ ಪಾಠಾಂತರಗಳನ್ನು ಲಿಪಿಕಾರನ ದೋಷಗಳಂತೆ ತಿದ್ದುವುದು ಅನುಚಿತ. ಧಾಟಿಯನ್ನೂ ಪಲ್ಲವಿಯ ಆವರ್ತನೆಗಳನ್ನೂ ಬಿಟ್ಟು ನುಡಿಗಳನ್ನು ಮಾತ್ರ ಅಚ್ಚಿಸಿದಲ್ಲಿ ಓದುಗನ ಕೈಗೆ ನೀತಿಪದ್ಯವೊಂದು ಬರುತ್ತದೆ. ಮುಂದಿನ ಸಂಪಾದಕರು ಪ್ರತಿಯೊಂದು ಪಾಠದೊಡನೆ ಅದನ್ನು ಹಾಡಿದ ಊರನ್ನೂ ಧಾಟಿಯನ್ನೂ ನಮೂದಿಸಿ, ಧ್ವನಿಮುದ್ರಣವನ್ನೂ ಕಾದಿರಿಸುವುದು ಅವಶ್ಯ.